ಕವರಿನಲ್ಲಿ ಕೊಂಡುಹೋದ ಸ್ವರ

ಕುಸುಮಾವತಿ ಮಗಳ ಸ್ವರವನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಅದಕ್ಕೊಂದು ಹಳೇ ಟವೆಲು ಸುತ್ತಿ, ಚೀಲದ ತಳದಲ್ಲಿಟ್ಟುಕೊಂಡು ಎರ್ನಾಕುಲಂನಲ್ಲಿ ಬೆಳಗಿನ ವಂಚಿನಾಡ್ ರೈಲು ಹತ್ತಿದ್ದು ಎರಡು ಸಾವಿರದ ಏಳನೇ ಇಸವಿಯ ಸೆಪ್ಟೆಂಬರಿನಲ್ಲಿ. ತಿರುವನಂತಪುರ ಬರುವವರೆಗೂ ಚೀಲ ಮಡಿಲಿನಿಂದ ಇಳಿಯಲಿಲ್ಲ. ಪಕ್ಕದ ಹೆಂಗಸು ಕೊಟ್ಟ ಹಾಲಿಲ್ಲದ ಕಟ್ಟನ್ ಚಾಯ ಎರಡು ಗುಟುಕಿಗಿಂತ ಹೆಚ್ಚು ಒಳಗೆ ಹೋಗಲಿಲ್ಲ. ಆ ಊರಿಗೆ ಅವಳು ಕಾಲಿಡದೆ ಹನ್ನೆರಡು ವರ್ಷವಾಗಿತ್ತು. ಮಗಳು ಅಲ್ಲೇ ಟೆಕ್ನೋಪಾರ್ಕಿನ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸಕ್ಕಿದ್ದರೂ ಒಮ್ಮೆಯೂ ಹೋಗಿರಲಿಲ್ಲ. ಹಿಂದಿನ ಸಲ ಗಂಡನನ್ನು ಕರೆದುಕೊಂಡು ಹೋದವಳು ಒಬ್ಬಳೇ ತಿರುಗಿ ಬಂದಿದ್ದಳು.

ಅವಳು ಮಂಜೇಶ್ವರದ ಕಡೆಯವಳು. ಓದಿದ್ದು ನಾಲ್ಕನೇ ಕ್ಲಾಸು. ಹತ್ತೊಂಬತ್ತಕ್ಕೆ ದಾಮೋದರನ ಕೈಹಿಡಿದು ಕೊಚ್ಚಿಗೆ ಬಂದಳು. ದಾಮೋದರ ವಿಲ್ಲಿಂಗ್ಡನ್ ಐಲ್ಯಾಂಡಿನ ಧಕ್ಕೆಯಲ್ಲಿ ಹಡಗಿನ ಸರಕು ಇಳಿಸುವವರ ಮೇಸ್ತ್ರಿ. ಹಡಗಿನ ಮೇಲೆ ನಿಂತು ಕ್ರೇನಿನವನಿಗೆ ಅವನು ಕೂಗಿ ಹೇಳಿದರೆ ಫೆರಿ ಬೋಟಿನಲ್ಲಿ ಕೂತವರಿಗೂ ಕೇಳುತ್ತಿತ್ತು. ಬೋಟಿಳಿದು ಬಂದ ನೆರೆಮನೆಯವರು, ನಿಮ್ಮ ಯಜಮಾನರು ಇವತ್ತು ಗೊಬ್ಬರದ ಹಡಗಿನಲ್ಲಿದ್ದಾರೆ ಎಂದು ಬಾಗಿಲಲ್ಲೇ ಸುದ್ದಿ ಕೊಟ್ಟು ಹೋಗುವರು. ಅಂಥವನ ಸ್ವರ ತೊಂಬತ್ತೈದರಲ್ಲಿ ಒಡೆಯಿತು. ಗೊಬ್ಬರದ ಧೂಳು ಕೂತಿರಬೇಕೆಂದು ಅವಳು ಕಾಳುಮೆಣಸು, ಜೀರಿಗೆ, ಕಲ್ಲುಸಕ್ಕರೆ ಹಾಕಿ ಕಷಾಯ ಕಾಯಿಸಿದಳು. ಹಾಗೆ ನಾಲ್ಕು ತಿಂಗಳು ಹೋಯಿತು. ತಿರುವನಂತಪುರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾಕ್ಟರು, ಎಷ್ಟು ಸಮಯವಾಯಿತು ಎಂದು ಕೇಳಿದರು. ಅವಳು ಹೇಳಿದಳು. ಬರೆಯುತ್ತಿದ್ದವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಕೊನೆಯ ತಿಂಗಳುಗಳಲ್ಲಿ ದಾಮೋದರ ಮಾತಾಡಿದರೆ ಮರಳಿನ ಮೇಲೆ ದೋಣಿ ಎಳೆದ ಹಾಗೆ ಕೇಳುತ್ತಿತ್ತು. ನಡುವೆ ಒಮ್ಮೊಮ್ಮೆ ಸ್ವರ ಕಡಿದುಹೋಗಿ, ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಬರುತ್ತಿತ್ತು.

ಆಮೇಲೆ ಅವಳು ಮಟ್ಟಾಂಚೇರಿಯ ಒಂದು ಮನೆಯಲ್ಲಿ ಹಪ್ಪಳ ಲಟ್ಟಿಸಿ ಮಗಳು ರಮ್ಯಶ್ರೀಯನ್ನು ಓದಿಸಿದಳು. ಅಪ್ಪ ಹೋಗುವಾಗ ಹುಡುಗಿಗೆ ಹನ್ನೊಂದು.

ರೈಲು ಹತ್ತುವ ಹಿಂದಿನ ತಿಂಗಳು, ಆಗಸ್ಟಿನ ಒಂದು ಭಾನುವಾರ ಮಗಳು ಮನೆಗೆ ಬಂದಿದ್ದಳು. ಊಟ ಮುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕುಸುಮಾವತಿ ಹಿತ್ತಲ ಮೆಟ್ಟಿಲಲ್ಲಿ ಕೂತು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಒಳಗಿನಿಂದ ದಾಮೋದರ ಮಾತಾಡಿದ.

ಕೈಯಲ್ಲಿದ್ದ ಬೀಜಗಳೆಲ್ಲ ಅಂಗಳಕ್ಕೆ ಉರುಳಿದವು. ಎದ್ದು ಹೋಗಿ ಬಾಗಿಲು ಬಡಿದಳು. ಬಾಗಿಲು ತೆರೆದವಳು ರಮ್ಯಶ್ರೀ, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಒಂದು ಹಾಳೆ. ಒನ್ನುಮಿಲ್ಲಮ್ಮಾ, ಏನೂ ಇಲ್ಲ, ಹಾಡು ಕಲಿಯುತ್ತಿದ್ದೇನೆ ಎಂದು ನಕ್ಕಳು. ನಕ್ಕು ಕೆಮ್ಮಿದಳು.

ಅವಳೂ ಟೆಕ್ನೋಪಾರ್ಕಿನ ನಾಲ್ವರು ಗೆಳೆಯರೂ ಸೇರಿ ‘ಕೋಲ್ಡ್ ಜೆಟ್ಟಿ’ ಎಂದೊಂದು ಬ್ಯಾಂಡ್ ಮಾಡಿಕೊಂಡಿದ್ದರು. ಕೋಣೆ ಹಂಚಿಕೊಂಡಿದ್ದ ಆಯೇಷಾ ಡ್ರಮ್ ಬಾರಿಸುವವಳು. ಹೊಸ ಆಲ್ಬಮ್ ಬರುವುದರಲ್ಲಿತ್ತು. ಎಂಟು ಹಾಡು, ಎಲ್ಲ ಸೇರಿ ಒಂದೇ ಸಮುದ್ರಯಾನದ ಕತೆ. ಸಾವಿರ ವರ್ಷದ ಹಿಂದೆ ಉತ್ತರದ ಮಂಜಿನ ಸಮುದ್ರದಲ್ಲಿ ಉದ್ದುದ್ದ ದೋಣಿ ಹುಟ್ಟುಹಾಕಿ ಹೋಗಿ ಊರು ಸೂರೆಮಾಡುತ್ತಿದ್ದ ವೈಕಿಂಗ್ ಎಂಬ ಜನ, ಅವರಲ್ಲಿ ದೊಡ್ಡವರು ಸತ್ತರೆ ದೋಣಿಯಲ್ಲೇ ಮಲಗಿಸಿ ಬೆಂಕಿ ಕೊಡುವುದು, ಹೀಗೆಲ್ಲ ಮಗಳು ಹೇಳಿದಳು. ಗಂಟಲಾಳದಿಂದ ಗುರುಗುಟ್ಟಿ ಹಾಡುವ ಈ ಸಂಗೀತಕ್ಕೆ ಮೆಲೋಡಿಕ್ ಡೆತ್ ಮೆಟಲ್ ಎನ್ನುತ್ತಾರಂತೆ. ಮೂರರಲ್ಲಿ ನಡುವಿನ ಶಬ್ದ ಕುಸುಮಾವತಿಗೆ ಗೊತ್ತಿತ್ತು. ಗಂಡನ ಹೆಸರಿನಲ್ಲಿ ಕೊಟ್ಟ ಸರ್ಟಿಫಿಕೇಟಿನ ತಲೆಯಲ್ಲಿ ಅದೇ ಇತ್ತು.

ಡಾಕ್ಟರಿಗೆ ತೋರಿಸುವ ಎಂದರೆ ಮಗಳು, ಇದೆಲ್ಲ ಅಭ್ಯಾಸದಿಂದ ಬರುವ ಸ್ವರ, ಹೆದರಬೇಡ ಎಂದಳು. ಆದರೆ ಬೆಳಿಗ್ಗೆ ಫೋನಿನಲ್ಲಿ ಮಾತಾಡುವಾಗಲೂ ಅವಳ ಗಂಟಲು ಒರಟಾಗಿಯೇ ಇರುತ್ತಿತ್ತು. ಕುಸುಮಾವತಿ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಗೀಟು ಹಾಕತೊಡಗಿದಳು. ಐದನೇ ಗೀಟಿನ ದಿನ ಮಗಳು ಬಂದು ಒಂದು ಡಿಸ್ಕ್ ಕೊಟ್ಟು, ರೆಕಾರ್ಡಿಂಗ್ ಮುಗಿಯಿತು, ಮೊದಲು ನೀನೇ ಕೇಳು ಎಂದು ಹೇಳಿ ರೈಲಿಗೆ ಹೋದಳು. ಟಿವಿಯ ಕೆಳಗಿನ ಪ್ಲೇಯರಿನಲ್ಲಿ ಹಾಕಿ ಕುಸುಮಾವತಿ ಕೇಳಿದಳು. ಮೂರನೇ ಹಾಡಿನಲ್ಲಿ ಆ ಸ್ವರ ಕಡಿಯಿತು. ಒಂದು ಉಸಿರು ಬಿಟ್ಟು ಮತ್ತೆ ಬಂತು. ಅದೊಂದನ್ನೇ ಮೂರು ಸಲ ಹಾಕಿ ಕೇಳಿ, ಬಾಗಿಲಿನ ದಾರಂದ ಹಿಡಿದುಕೊಂಡು ಅಲ್ಲೇ ಕೂತಳು. ಡಾಕ್ಟರಲ್ಲಿಗೆ ಮಗಳು ಬರದಿದ್ದರೆ ಬೇಡ. ರಕ್ತ ಕೊಂಡುಹೋಗುತ್ತಾರೆ, ಕಫ ಕೊಂಡುಹೋಗುತ್ತಾರೆ. ಸ್ವರ ಕೊಂಡುಹೋದರೆ ಏನಾಯಿತು?

ತಿರುವನಂತಪುರದಲ್ಲಿ ಉಳ್ಳೂರಿನ ಜಂಕ್ಷನ್ ಹತ್ತಿರ ಕಾಸರಗೋಡಿನ ಯಜ್ಞನಾರಾಯಣ ಎಂಬ ಗಂಟಲಿನ ಡಾಕ್ಟರು ಇದ್ದಾರೆಂದು ಹಪ್ಪಳದ ಮನೆಯವರು ಹೇಳಿದ್ದರು. ಚೀಟಿ ಬರೆಯುವ ನರ್ಸ್ ಕಲ್ಯಾಣಿ, ರೋಗಿ ಎಲ್ಲಿ ಎಂದು ಮಲಯಾಳದಲ್ಲಿ ಕೇಳಿದಾಗ ಕುಸುಮಾವತಿ ಟವೆಲು ಬಿಚ್ಚಿ, ಇದರೊಳಗಿದ್ದಾಳೆ ಎಂದಳು. ಕಲ್ಯಾಣಿ ಡಿಸ್ಕನ್ನೂ ಅವಳ ಮುಖವನ್ನೂ ನೋಡಿ, ಒಳಗೆ ಹೋಗಿ ಡಾಕ್ಟರಿಗೆ ಹೇಳಿದಳು.

ಡಾಕ್ಟರು ಅದನ್ನು ಕಂಪ್ಯೂಟರಿಗೆ ಹಾಕಿದರು. ಶಬ್ದ ಇಷ್ಟಿರುತ್ತದೆಂದು ಅವರಿಗೆ ಅಂದಾಜಿರಲಿಲ್ಲ. ಹೊರಗೆ ಒಂದು ಮಗು ಚೀರಿತು. ಯಾರೋ ಕುರ್ಚಿ ಬೀಳಿಸಿಕೊಂಡು ಎದ್ದರು. ಒಳಗೆ ಯಾರಿಗೆ ಏನಾಯಿತೆಂದು ಕಲ್ಯಾಣಿ ಓಡಿಬಂದಳು. ಡಾಕ್ಟರು ಶಬ್ದ ತಗ್ಗಿಸಿ, ಮೂರನೇ ಹಾಡನ್ನು ಕಣ್ಣು ಮುಚ್ಚಿ ಕೇಳಿದರು. ಕುಸುಮಾವತಿ ಹಾಡು ಕೇಳಲಿಲ್ಲ, ಅವರ ಪೆನ್ನು ಹಿಡಿದ ಕೈಯನ್ನೇ ನೋಡುತ್ತಿದ್ದಳು.

‘ಇಷ್ಟು ವರ್ಷದಲ್ಲಿ ಸ್ವರ ಕಟ್ಟಿ ತಂದವರು ನೀವೊಬ್ರೇ ಅಮ್ಮ. ಇದ್ರಲ್ಲಿ ನನಗೆ ಎಂತದೂ ಗೊತ್ತಾಗುದಿಲ್ಲ. ಗಂಟಲು ನೋಡ್ಬೇಕು. ಮಾಮೂಲು ಮಾತಾಡುವಾಗ ಒರಟು ಉಂಟಾ? ಎಷ್ಟು ದಿನ ಆಯ್ತು?’

‘ಐದು ಭಾನುವಾರ.’

ಡಾಕ್ಟರು ಹಾಡು ನಿಲ್ಲಿಸಿದರು. ‘ಮೂರು ವಾರ ದಾಟಿದ್ರೆ ನೋಡದೆ ಬಿಡ್ಲಿಕ್ಕಿಲ್ಲ. ಇವತ್ತೇ ಬರ್ಲಿಕ್ಕೆ ಹೇಳಿ.’ ಫೋನನ್ನು ಅವಳ ಕಡೆಗೆ ಸರಿಸಿದರು. ಅವಳು ಮಗಳ ನಂಬರು ಹೇಳಿದಳು. ಕಲ್ಯಾಣಿಯೇ ಒತ್ತಿಕೊಟ್ಟಳು.

‘ಅಮ್ಮ, ಎಂತ ಮಾಡಿದ್ದು ನೀನು? ಅದು ಇನ್ನೂ ರಿಲೀಸ್ ಆಗ್ಲಿಲ್ಲ. ಹೊರಗಿನವ್ರು ಯಾರೂ ಕೇಳ್ಬಾರ್ದಿತ್ತು.’

‘ಹೊರಗೆ ಕೂತ ಹದಿನೈದು ಜನ ಕೇಳಿ ಆಯ್ತು.’

ಹತ್ತೊಂಬತ್ತು ದಿನದಲ್ಲಿ ಕಾರ್ಯಕ್ರಮವಿದೆ, ಅದು ಮುಗಿದ ಮೇಲೆ ಬರುತ್ತೇನೆ ಎಂದು ಮಗಳು ಸಿಟ್ಟಿನಲ್ಲಿ ಹೇಳಿದಳು. ಕುಸುಮಾವತಿ ಗೋಡೆಯ ಕಡೆ ತಿರುಗಿ ನಿಂತಳು.

‘ರಮ್ಯಾ, ನಿನ್ನ ಅಪ್ಪನ ಸ್ವರ ಹೋದಾಗ ನಾನು ನಾಲ್ಕು ತಿಂಗಳು ಕಷಾಯ ಕುಡಿಸಿದೆ. ಡಾಕ್ಟರ ಹತ್ರ ಹೋಗುವ ಅಂತ ಅವರೇ ಎರಡು ಸಲ ಹೇಳಿದ್ರು. ಬೇಡ ಅಂದದ್ದು ನಾನು. ಇದು ನಿನಗೆ ಗೊತ್ತಿಲ್ಲ.’

ಒಂದು ಗಂಟೆಯೊಳಗೆ ರಮ್ಯಶ್ರೀ ಆಟೋದಲ್ಲಿ ಬಂದಿಳಿದಳು, ಜೊತೆಗೆ ಆಯೇಷಾ. ಇಬ್ಬರ ಕೊರಳಲ್ಲೂ ಆಫೀಸಿನ ಕಾರ್ಡು ಹಾಗೇ ನೇತಾಡುತ್ತಿತ್ತು.

ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಒಳಗಿರುವುದನ್ನು ಟಿವಿಯ ಹಾಗಿನ ಪೆಟ್ಟಿಗೆಯಲ್ಲಿ ತೋರಿಸಿದರು. ಹೊರಗೆ ಕೂತಿರಿ ಎಂದರೂ ಕುಸುಮಾವತಿ ಹೋಗಲಿಲ್ಲ. ಮಗಳ ಸ್ವರ ಹುಟ್ಟುವ ಜಾಗ ಕೆಂಪಗೆ, ಒದ್ದೆಯಾಗಿತ್ತು. ಅದರ ನಡುವೆ ಎರಡು ಬಿಳಿ ಅಂಚು, ಒಂದೊಂದರ ಮೇಲೆ ಸಾಸಿವೆಯಷ್ಟು ಗಂಟು. ಇದು ಆ ಕಾಯಿಲೆಯ ಹಾಗೆ ಕಾಣುವುದಿಲ್ಲ, ಟೀಚರುಗಳಿಗೆ, ಮೀನು ಮಾರುವವರಿಗೆಲ್ಲ ಆಗುತ್ತದೆ, ಡ್ರಮ್ಮಿನ ಗದ್ದಲದಲ್ಲಿ ಬೊಬ್ಬೆ ಹಾಕಿ ಮಾತಾಡಿದ್ದೂ ಸಾಕು ಎಂದರು ಡಾಕ್ಟರು. ಎರಡು ವಾರ ಒಂದು ಶಬ್ದವೂ ಆಡಬಾರದು, ಆರು ವಾರ ಹಾಡಬಾರದು. ಅಷ್ಟರಲ್ಲಿ ಕರಗದಿದ್ದರೆ ಒಂದು ತುಂಡು ಕತ್ತರಿಸಿ ಪರೀಕ್ಷೆಗೆ ಕಳಿಸಲೇಬೇಕು. ಕುಸುಮಾವತಿಯ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ.

ರಮ್ಯಶ್ರೀ ರಜೆ ಹಾಕಿ ಕೊಚ್ಚಿಗೆ ಬಂದಳು. ಮಾತಿಲ್ಲದ ಮನೆ ಆ ಹಾಡಿಗಿಂತ ಹೆಚ್ಚು ಹೆದರಿಸಿತು. ಕೊನೆಕೊನೆಗೆ ದಾಮೋದರನೂ ಹೀಗೆಯೇ ಸನ್ನೆಯಲ್ಲಿ ನೀರು ಕೇಳುತ್ತಿದ್ದ. ಹುಡುಗಿ ಬೆರಳೆತ್ತಿದರೆ ಸಾಕು, ಇವಳು ಬೇರೆ ಕಡೆ ನೋಡುವಳು.

ಹದಿನೈದನೇ ದಿನ ಡಾಕ್ಟರು ಮೆಲ್ಲಗೆ ಮಾತಾಡಲು ಬಿಟ್ಟರು. ಗಂಟು ಇನ್ನೂ ಇತ್ತು. ವಾಪಸು ಬರುವ ರೈಲಿನಲ್ಲಿ ಕುಸುಮಾವತಿ, ಮೂರನೇ ಹಾಡಿನಲ್ಲಿ ಸ್ವರ ಕಡಿದದ್ದು ಯಾಕೆ ಎಂದು ಕೇಳಿಯೇಬಿಟ್ಟಳು.

‘ಅದು ಬೇಕೂಂತ ಮಾಡಿದ್ದಮ್ಮ. ದೋಣಿಯ ಮುಂದೆ ನಿಂತು ಹುಟ್ಟು ಹಾಕುವವರಿಗೆ ಕೂಗಿ ಹೇಳುವವನ ಹಾಡು ಅದು. ಅಪ್ಪ ಹಾಗೇ ಮಾತಾಡ್ತಿದ್ರಲ್ವಾ? ಅವರ ಬೇರೆ ಸ್ವರ ನನಗೆ ನೆನಪೇ ಇಲ್ಲ.’

ಕುಸುಮಾವತಿಗೆ ಸಿಟ್ಟೂ ಬಂತು, ಅಳುವೂ ಬಂತು. ಆ ಸ್ವರವನ್ನು ಹುಡುಗಿ ಹನ್ನೆರಡು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದಳು, ತಾನು ಹನ್ನೆರಡು ವರ್ಷ ಅದರಿಂದ ಓಡುತ್ತಿದ್ದಳು. ಕೊಲ್ಲಂ ದಾಟಿದ ಮೇಲೆ, ನಿನ್ನ ಅಪ್ಪನ ಕೂಗು ನೀರು ದಾಟಿ ಬರುತ್ತಿತ್ತು ಎಂದು ಶುರುಮಾಡಿ ಎರ್ನಾಕುಲಂ ಬರುವವರೆಗೂ ಹೇಳಿದಳು.

ಕಾರ್ಯಕ್ರಮ ನಿಲ್ಲಲಿಲ್ಲ. ತಿರುವನಂತಪುರದ ಒಂದು ಸಣ್ಣ ಸಭಾಂಗಣದಲ್ಲಿ ಉಳಿದವರು ಬಾರಿಸಿದರು, ಹಾಡುವ ಸ್ವರ ಮಾತ್ರ ಡಿಸ್ಕಿನಿಂದ ಬಂತು. ರಮ್ಯಶ್ರೀ ಮೈಕಿನ ಮುಂದೆ ಬಾಯಿ ಮುಚ್ಚಿ ನಿಂತಿದ್ದಳು. ಕಪ್ಪು ಬನಿಯನ್ನಿನ ಹುಡುಗರ ನಡುವೆ ಕೂತ ಕುಸುಮಾವತಿ ಎಂಟು ಹಾಡಿಗೂ ಮಗಳ ಕೊರಳಿನಿಂದ ಕಣ್ಣು ತೆಗೆಯಲಿಲ್ಲ. ಅದು ಅಲುಗಿದರೆ ಎದ್ದು ನಿಲ್ಲಬೇಕೆಂದಿದ್ದಳು.

ಆರನೇ ವಾರ ಮತ್ತೆ ಕೊಳವೆ ಇಳಿಸಿದರು. ಡಾಕ್ಟರು ತುಂಬ ಹೊತ್ತು ನೋಡಿದರು.

‘ಕರಗಿದೆ ಅಮ್ಮ. ಕತ್ತರಿಸ್ಲಿಕ್ಕೆ ಎಂತದೂ ಇಲ್ಲ.’ ಮತ್ತೆ ಮಗಳಿಗೆ, ‘ಈಗ ಆ ಸ್ವರ ತೆಗಿ ನೋಡುವ, ಮೆಲ್ಲ’ ಎಂದರು.

ರಮ್ಯಶ್ರೀ ಅಮ್ಮನ ಕಡೆ ಒಮ್ಮೆ ನೋಡಿ ಸ್ವರ ತೆಗೆದಳು. ಕುಸುಮಾವತಿಗೆ ಹೊರಗೆ ಹೋಗಬೇಕೆನಿಸಿತು. ಪರೀಕ್ಷೆಯ ಮಂಚದ ಕಬ್ಬಿಣ ಹಿಡಿದು ಅಲ್ಲೇ ನಿಂತು ಪೆಟ್ಟಿಗೆ ನೋಡಿದಳು. ಎರಡು ಬಿಳಿ ಅಂಚು ನೇರವಾಗಿ ಬಂದು ಕೂಡುತ್ತಿದ್ದವು, ಬಿಡುತ್ತಿದ್ದವು. ಎಲ್ಲೂ ತಡೆಯಲಿಲ್ಲ. ಸ್ವರ ನಿಂತಿತು.

‘ಇನ್ನೊಮ್ಮೆ’ ಎಂದಳು ಕುಸುಮಾವತಿ.