ನೆತ್ತಿಯ ಬಿಳಿ ಚುಕ್ಕೆ

ಪಾಲಿಬೆಟ್ಟದಲ್ಲಿ ನಮ್ಮ ಪಕ್ಕದ ಮನೆಯವರು ಪಟ್ಟೆಪಟ್ಟೆಯ ಹೇಂಟೆಗಳ ಜೊತೆ ಕೆಂಪು ಹುಂಜ ಬಿಟ್ಟು ಮರಿ ಮಾಡಿಸುತ್ತಿದ್ದರು. ಕಪ್ಪು ಮರಿಯನ್ನು ಅಂಗೈಯಲ್ಲಿಟ್ಟು, ನೆತ್ತಿಯ ತುಪ್ಪಳವನ್ನು ಮೆಲ್ಲಗೆ ಊದಿ, “ನೀವೇ ನೋಡಿ ತಗೊಳ್ಳಿ. ಬಿಳಿ ಚುಕ್ಕೆ ಇದ್ರೆ ಹುಂಜ, ಇಲ್ದಿದ್ರೆ ಹೇಂಟೆ,” ಎನ್ನುತ್ತಿದ್ದರು.

ಮಾರುವವರು ಇಷ್ಟು ಸಲೀಸಾಗಿ ಗುಟ್ಟು ಬಿಡುತ್ತಾರೆಯೇ? ಮೊಟ್ಟೆಯಿಡುವ ಮರಿಗಳನ್ನು ತಮಗೇ ಉಳಿಸಿಕೊಳ್ಳುವ ಉಪಾಯವಿದು ಎಂದುಕೊಂಡು, ನಾನು ಚುಕ್ಕೆಯಿದ್ದ ಆರನ್ನೇ ಆರಿಸಿದೆ.

“ಮೊಟ್ಟೆಗೆ ಬೇಕು ಅಂದ್ರಲ್ಲ?” ಎಂದರು. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಐದು ತಿಂಗಳಿಗೆ ಆರೂ ಹುಂಜಗಳಾಗಿ ಕೂಗತೊಡಗಿದವು.

ಮೊಟ್ಟೆಗೆ ಅವರ ಮನೆಗೇ ಹೋಗಬೇಕಾಯಿತು. ಹಳೆಯದು ಕೊಟ್ಟಾರೆಂದು ಒಂದೊಂದನ್ನೂ ನೀರಿಗೆ ಹಾಕಿ, ತೇಲುತ್ತದೆಯೇ ಎಂದು ನೋಡುತ್ತಿದ್ದೆ. ಎರಡನೆಯ ವಾರದಿಂದ, ನಾನು ಗೇಟು ತೆಗೆದ ಸದ್ದಿಗೇ ಅವರು ಪಾತ್ರೆಗೆ ನೀರು ತುಂಬಿಸಿ ಜಗಲಿಯ ಮೇಲೆ ಇಡುತ್ತಿದ್ದರು.

“ನೀವೇ ನೋಡಿ ತಗೊಳ್ಳಿ.”