ಕೆರೆಯ ಬಾಯಿ ಕಾಯ್ದ ಕೆಂಪು ಸೀರೆ

ಇನ್ನೂ ಹೊತ್ತು ಮೂಡಿಲ್ಲ. ಹಾಲಹರವಿ ಹತ್ತಿರದ ಕೆರೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಸುಂಕಲಮ್ಮ ಜಂಬುಹುಲ್ಲು ಕೊಯ್ಯುತ್ತಿದ್ದಾರೆ. ಸರಸರ ಸಾಗುತ್ತಿದ್ದ ಕುಡುಗೋಲು ತಟ್ಟನೆ ನಿಲ್ಲುತ್ತದೆ. ಹುಲ್ಲಿನ ನಡುವೆ ನೀರುಕೋಳಿಯ ಗೂಡು, ಅದರಲ್ಲಿ ಐದು ಮೊಟ್ಟೆ. ಸೊಂಟಕ್ಕೆ ಸಿಕ್ಕಿಸಿದ್ದ ಹಳೆಯ ಕೆಂಪು ಸೀರೆಯ ಚೂರನ್ನು ಆ ಜಂಬಿಗೆ ಕಟ್ಟಿ, ಹತ್ತು ಮಾರು ದೂರ ಸರಿದು ಮತ್ತೆ ಬಗ್ಗುತ್ತಾರೆ.

"ಬಟ್ಟಿ ಕಟ್ಟಿದ ಕಡಿ, ಮರಿ ಹೊರಗ ಬರೂತನ ಯಾರೂ ಕುಡುಗೋಲು ಹಾಕಂಗಿಲ್ರೀ. ನಮ್ಮತ್ತಿ ಕಲಿಸಿದ್ದು" ಎನ್ನುತ್ತಾರೆ.

ವಯಸ್ಸು ಕೇಳಿದರೆ ನಗುತ್ತಾರೆ. ಲಗ್ನವಾಗಿ ಬಂದಾಗಿನಿಂದ, ನಲವತ್ತು ವರ್ಷ, ಇದೇ ಕೆಲಸ. ದಿನಕ್ಕೆ ಮೂರು ಹೊರೆ ಜಂಬು, ವಾರಕ್ಕೆ ನಾಲ್ಕು ಚಾಪೆ. ಆದೋನಿಯ ಹತ್ತಿ ಮಂಡಿಗಳಲ್ಲಿ ಸಾಹುಕಾರರು ಕಾಲು ಚಾಚಿ ಕೂರುವುದು ಆ ಚಾಪೆಗಳ ಮೇಲೆ; ನೇಯ್ದವರು ಯಾರೆಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಗಂಡ ಉಚ್ಚೀರಪ್ಪ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದೂ ಈ ಜಂಬೇ. ಹೊಸ ರಾಜ್ಯವಾಗಿ, ರಾಜಧಾನಿ ಹತ್ತಿರದ ಕರ್ನೂಲಿಗೇ ಬಂದು ಎರಡು ವರ್ಷವಾಯಿತು, ಇವರ ಕಾಲಿನ ಜಿಗಣೆ ಮಾತ್ರ ಬಿಟ್ಟಿಲ್ಲ.

ಹಳ್ಳ ಬಂದು ಕೆರೆ ಸೇರುವ ಈ ಜಾಗಕ್ಕೆ ಕೆರೆಯ ಬಾಯಿ ಎನ್ನುತ್ತಾರೆ. ಹೋದ ಮುಂಗಾರಿನಲ್ಲಿ ಊರಿನ ದೊಡ್ಡ ರೈತ ಗಾದಿಲಿಂಗಪ್ಪನವರಿಗೆ ಇಲ್ಲಿ ಹತ್ತಿ ಬೆಳೆಯುವ ಹುಚ್ಚು ಹತ್ತಿತು. ಅವರ ಮಾತಿಗೆ ಕೆರೆ ಕೆಲಸದ ಸರ್ಕಾರಿ ಓವರ್‌ಸಿಯರ್ ಬಂದು ಜಂಬಿನ ಆಚೆ ಅಂಚಿಗೆ ಕೆಂಪು ಬಟ್ಟೆಯ ಗೂಟ ನೆಟ್ಟು, "ಕೆಂಪು ಬಟ್ಟೆ ಕಾಣುವವರೆಗೆ ಕಿತ್ತುಹಾಕಿ" ಎಂದು ಆಳುಗಳಿಗೆ ಹೇಳಿ ಹೋದರು. ಆಳುಗಳಿಗೆ ಮೊದಲು ಕಂಡದ್ದು ಆಗಿನ ಒಂದು ಗೂಡಿಗೆ ಕಟ್ಟಿದ್ದ ಸುಂಕಲಮ್ಮನ ಸೀರೆ ಚೂರು! ಅರ್ಧಕ್ಕೇ ನಿಲ್ಲಿಸಿ, ಕೆಲಸ ಮುಗಿಯಿತೆಂದು ಮನೆಗೆ ಹೋದರು.

"ನಾ ಬೇಕಂತ ಮಾಡಿದ್ದಲ್ರೀ, ದೇವರಾಣಿ. ಗಾದಿಲಿಂಗಪ್ಪನೋರು ಬಂದು, ಬಿಚ್ಚು ಆ ಬಟ್ಟಿ ಅಂತ ಬೈದ್ರು. ತತ್ತಿ ಒಡೀಲಿ, ಬಿಚ್ತೀನಿ ಅಂದೆ. ಜಂಬು ಹೋದ್ರ ನಾ ಏನ್ ತಿನ್ಲಿ, ಪಾಪ ಆ ಹಕ್ಕಿ ಎಲ್ಲಿಗೆ ಹೋಗ್ಲಿ?"

ಆ ವಾರವೇ ದೊಡ್ಡ ಮಳೆ. ಬೋಳಾದ ಕಡೆಯಿಂದ ಎರೆಮಣ್ಣಿನ ರಾಡಿ ನುಗ್ಗಿ, ಆ ಮಗ್ಗುಲಿನ ಏರಿಯ ತೂಬು ಹೂತುಹೋಯಿತು. ಗಾದಿಲಿಂಗಪ್ಪನವರ ಹೊಲಕ್ಕೇ ನೀರು ಬರುವುದು ನಿಂತಿತು. ಜಂಬಿದ್ದ ಕಡೆ ಮಣ್ಣು ಬುಡದಲ್ಲೇ ತಂಗಿ, ನೀರು ತಿಳಿಯಾಗಿ ಇಳಿಯಿತು.

ಮಚಲೀಪಟ್ಟಣದ ಕಡೆಯವರಾದ ಓವರ್‌ಸಿಯರ್ ಅದನ್ನು ನೋಡಿ ದಡದಲ್ಲೇ ಕುಳಿತುಬಿಟ್ಟರಂತೆ. "ಮಾ ಊರ್ಲೋ ಕೂಡಾ ಇಂತೇನಮ್ಮಾ" ಎಂದರಂತೆ. ನಮ್ಮೂರಲ್ಲೂ ಇದೇ ಕಥೆ ಎಂದು. ಅಲ್ಲಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಕೆಸರಿನಲ್ಲಿ ಬೇರೂರಿ ಬೆಳೆಯುವ ಮರಗಳನ್ನು ಸೌದೆಗೆಂದು ಕಡಿದರು. ಮೀನಿನ ಮರಿಗಳಿಗೆ ನೆಲೆ ತಪ್ಪಿತು, ಬೆಸ್ತರ ಬಲೆ ಬರಿದಾಯಿತು. ಮಾರನೆಯ ದಿನ ಅವರೇ ಗೂಟ ಕೀಳಿಸಿದರು. ಗಾದಿಲಿಂಗಪ್ಪನವರು ತೂಬಿನ ಹೂಳು ತೆಗೆಯಲು ಆಳುಗಳನ್ನು ಕಳಿಸಿದರು.

ಈಗ ಒಂದು ಹೊರೆ ಕೊಯ್ದರೆ ಬೋಳಾದ ಕಡೆ ಒಂದು ಗಡ್ಡೆ ನೆಟ್ಟೇ ಸುಂಕಲಮ್ಮ ಮನೆಗೆ ಹೋಗುವುದು. ಆಗಲೇ ಮೊಳದುದ್ದ ಚಿಗುರು ಎದ್ದಿದೆ, ನೋಡಿ ನನಗೇ ಖುಷಿಯಾಯಿತು. ಗೂಡಿಗೆ ಕಟ್ಟಲೆಂದು ಓವರ್‌ಸಿಯರ್ ಎರಡು ಗಜ ಹೊಸ ಕೆಂಪು ಬಟ್ಟೆ ಕೊಟ್ಟಿದ್ದರಂತೆ. ಅದೆಲ್ಲಿ ಎಂದೆ.

"ಮೊಮ್ಮಗಳಿಗೆ ಲಂಗ ಹೊಲಿಸೀನಿ. ಹಕ್ಕಿಗೆ ನನ್ನ ಹಳೇ ಸೀರಿ ಸಾಕು" ಎಂದು ನಕ್ಕು, ಚಿಗುರಿನ ಕಡೆ ನೋಡುತ್ತಾರೆ. "ಆಕಿ ಈ ಜಂಬು ಕೊಯ್ಯೂ ಹೊತ್ತಿಗೆ ಲಂಗನೂ ಹಳೇದಾಗಿರತೈತಿ. ಕಟ್ಟಾಕ ಆಕಿಗೂ ಬೇಕಲ್ರೀ."