ಸೊನ್ನೆ ಬೇಡಿದ ಬಸವರಾಜ್

ನಮ್ಮ ಬಿಟಿಎಂ ಲೇಔಟ್ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಬಸವರಾಜ್ ತಮ್ಮ ಮನೆಯಲ್ಲಿ ಮಿಕ್ಸಿ ಹಾಕಲು ಬಿಡುತ್ತಿರಲಿಲ್ಲ. ಅವರ ಹೆಂಡತಿ ಶಾಂತಾ ಆಫೀಸಿಗೆ ಹೊರಡುವ ಮುಂಚೆ ಕಾಯಿ, ಹುರಿಗಡಲೆ ಹಿಡಿದು ಕೆಳಗಿಳಿದು ಬರೋಳು. ಚಟ್ನಿ ರುಬ್ಬೋಕೂ ಇನ್ನೊಬ್ಬರ ಮನೆಗೆ ಬರಬೇಕಾ, ಇದೆಂಥ ಸಂಸಾರ ಅಂತ ನನಗೆ ಮೈ ಉರಿಯುತ್ತಿತ್ತು.

ಕಾರಣ ಅವರ ಕಂಪ್ಯೂಟರ್. ಅದು ಹಗಲೂ ರಾತ್ರಿ ಒಂದೇ ಸಂಖ್ಯೆಯನ್ನು ಪರೀಕ್ಷೆ ಮಾಡುತ್ತಿತ್ತು. ಒಂದು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದು ಅಂಥದ್ದೇ ಹೌದೋ ಅಲ್ಲವೋ ಅಂತ. ಬರೆಯಹೊರಟರೆ ಮನೆಯ ಗೋಡೆಗಳು ಸಾಲದಷ್ಟು ಉದ್ದದ್ದು. ಬಸವರಾಜ್ ಧಾರವಾಡದ ಕಡೆಯ ಗಣಿತದ ಮೇಷ್ಟ್ರು. ಯಾವ ಕಾಲೇಜೂ ಅವರನ್ನು ಖಾಯಂ ಮಾಡಲಿಲ್ಲ, ಕೊನೆಗೆ ಕರೆಯುವುದನ್ನೂ ಬಿಟ್ಟರು. "ಇಷ್ಟ ದೊಡ್ಡದು ಇನ್ನೂ ಯಾರಿಗೂ ಸಿಕ್ಕಿಲ್ರಿ. ಇದೊಂದು ಸಿಕ್ಕರ ಸಾಕ್ರಿ ಅಕ್ಕಾರ, ಹೆಸರು ಬರತೈತಿ. ಆಮ್ಯಾಲ ಯಾರೂ ನನ್ನ ಹೊರಗ ಕಳಸೂದಿಲ್ಲ" ಅನ್ನೋರು.

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎರಡು ಕಳೆದು, ಆ ದೊಡ್ಡ ಸಂಖ್ಯೆಯಿಂದ ಭಾಗಿಸಬೇಕಂತೆ. ಉಳಿದ ಶೇಷವನ್ನು ಮತ್ತೆ ಗುಣಿಸಬೇಕು. ಹೀಗೇ ತಿಂಗಳುಗಟ್ಟಲೆ. ನಡುವೆ ಒಂದು ಕಡೆ ತಪ್ಪಿದರೂ ಮುಂದಿನದೆಲ್ಲ ಹಾಳು. ಕೊನೆಗೆ ಸೊನ್ನೆ ಉಳಿದರೆ ಅವಿಭಾಜ್ಯ. ಯುಪಿಎಸ್ ಇದ್ದರೂ ಬಸವರಾಜ್‌ಗೆ ಕರೆಂಟಿನ ಮೇಲೆ ನಂಬಿಕೆ ಇಲ್ಲ, ಮಿಕ್ಸಿ ಮೇಲಂತೂ ಇಲ್ಲವೇ ಇಲ್ಲ, ಅದೇ ಲೈನಿನಲ್ಲಿ ಅದು ತಿರುಗಿದರೆ ಕರೆಂಟ್ ಜಗ್ಗಿ ಲೆಕ್ಕ ತಪ್ಪುತ್ತದೆ ಅನ್ನೋರು. ಲೈಟು ಮಿಣುಕಿದರೆ ಸಾಕು, ಎದೆ ಹಿಡಿದು ಮೆಟ್ಟಿಲ ಮೇಲೆ ಕೂತುಬಿಡೋರು.

ಕೊನೆಗೂ ಪರೀಕ್ಷೆ ಮುಗಿಯಿತು. ಸೊನ್ನೆ ಬರಲಿಲ್ಲ. ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತರು. "ಯಾವ ಸಂಖ್ಯಾ ಇದನ್ನ ಭಾಗಿಸತೈತಿ ಅಂತನೂ ತಿಳಿಯೂದಿಲ್ಲರಿ. ಅವಿಭಾಜ್ಯ ಅಲ್ಲ ಅಂತ ಅಷ್ಟ ಹೇಳತೈತಿ." ಕಾಲೇಜಿನವರೂ ಹೀಗೇ ಕಾರಣ ಹೇಳದೆ ಕಳಿಸಿದ್ದರು. ಹೋದಲ್ಲೆಲ್ಲ ಸೊನ್ನೆಯೇ ಸಿಕ್ಕ ಮನುಷ್ಯ, ಬೇಡಿಕೊಂಡ ಒಂದು ಕಡೆ ಅದೂ ಸಿಗಲಿಲ್ಲ.

ಎಲ್ಲೋ ಕರೆಂಟ್ ಕೈಕೊಟ್ಟಿದೆ, ಮೊದಲಿಂದ ಮಾಡಬೇಕು ಅಂತ ಹಟ ಹಿಡಿದರು. ಶಾಂತಾಗೆ ಸಾಕಾಗಿತ್ತು, ಊರಿಗೆ ಹೊರಡಿಸಿದಳು. ಟೆಂಪೋ ಹತ್ತುವ ಮುಂಚೆ ಬಸವರಾಜ್ ಕಂಪ್ಯೂಟರ್ ತಬ್ಬಿಕೊಂಡು ನನ್ನ ಮುಂದೆ ನಿಂತರು. "ನಮ್ಮೂರಾಗ ಕರೆಂಟ್ ನಿಲ್ಲೂದಿಲ್ಲ ಅಕ್ಕಾರ. ಇದು ನಿಮ್ಮ ಮನ್ಯಾಗ ಇರಲಿ. ಮುಗಿಯೂತನಕ ಬಂದ್ ಮಾಡಬ್ಯಾಡ್ರಿ." ಬೈಯೋಣ ಅಂತ ಬಾಯಿ ತೆರೆದವಳು ಆ ಮುಖ ನೋಡಿ ಆಯ್ತು ಅಂದುಬಿಟ್ಟೆ. ನಮ್ಮ ನಡುಮನೆಯಲ್ಲಿಟ್ಟು, ಶುರು ಮಾಡಿ ಹೋದರು. ಪ್ರತಿ ಭಾನುವಾರ ಫೋನ್ ಮಾಡಿ, ನಡೀತಿದೆಯಾ ಅಂತ ಕೇಳೋರು. ನಾನು ಮಿಕ್ಸಿ ಮಾತ್ರ ನಿಲ್ಲಿಸಲಿಲ್ಲ. ಅಷ್ಟೊಂದು ಹುಚ್ಚು ನನಗೇನಿಲ್ಲ.

ಒಂದು ಭಾನುವಾರ ಶಾಂತಾ ಫೋನ್ ಮಾಡಿದಳು. ಬಸವರಾಜ್ ಎದೆನೋವು ಅಂದರಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಇನ್ನು ಆ ಕಂಪ್ಯೂಟರ್ ಬಂದ್ ಮಾಡಿಬಿಡಿ ಅಂತ ಹೇಳಿ ಫೋನ್ ಇಟ್ಟಳು.

ನಮ್ಮ ಯಜಮಾನರು ಸ್ವಿಚ್ಚಿನ ಹತ್ತಿರ ಹೋಗಿ ನನ್ನ ಮುಖ ನೋಡಿದರು. ಬೇಡ ಅಂದೆ. ಮಾರನೆಯ ಬೆಳಿಗ್ಗೆ ಕಾಯಿ, ಹುರಿಗಡಲೆ ಹಿಡಿದುಕೊಂಡು ಚಟ್ನಿ ರುಬ್ಬೋಕೆ ಪಕ್ಕದ ಮನೆಗೆ ಹೋದೆ.